ನಿಂತ ಕೆಲಸವೇ ದುಬಾರಿ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ಇಂಜಿನಿಯರೊಬ್ಬರು ಮಾಡಿದ ಭಾಷಣದ ಬರಹರೂಪ)



ನಿನ್ನೆ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಸುವರ್ಣ ಮಹೋತ್ಸವದ ನೆನಪಿಗೆ ಆರು ಕೊಠಡಿಗಳ ಹೊಸ ಕಟ್ಟಡ ಕಟ್ಟಿಸಬೇಕೆಂದು ತೀರ್ಮಾನವಾಯಿತು. ಸ್ವಲ್ಪ ಹಣ ನಾವು ಕೂಡಿಸುವುದು, ಉಳಿದದ್ದಕ್ಕೆ ಸರ್ಕಾರದ ಅನುದಾನ ಕೇಳುವುದು ಎಂದೂ ಮಾತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಸಮಿತಿಯವರು ಬಂದು, “ಸರ್, ನೀವು ಸೇವೆಯುದ್ದಕ್ಕೂ ಸರ್ಕಾರಿ ಕಟ್ಟಡಗಳನ್ನೇ ಕಟ್ಟಿಸಿದವರು. ಈ ಕಟ್ಟಡಗಳು ಯಾಕೆ ತಡವಾಗುತ್ತವೆ, ಖರ್ಚು ಯಾಕೆ ಏರುತ್ತದೆ, ನಾಳೆ ಅದನ್ನೇ ಹೇಳಿ” ಅಂದರು. ಹಾಗಾಗಿ ಈ ವಿಷಯ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸ್ವಂತ ಮನೆಯದೇ ಈ ಪಾಡು. ಇನ್ನು ಯಜಮಾನರು ಹತ್ತಾರು ಜನ, ಹಣ ಬರುವುದು ನಾಲ್ಕು ಕಡೆಯಿಂದ, ಸಹಿ ಆಗಬೇಕಾದದ್ದು ಆರು ಕಚೇರಿಗಳಲ್ಲಿ ಎಂದರೆ ಕೇಳಬೇಕೆ? ಆದರೂ ನನ್ನ ಅನುಭವದಲ್ಲಿ ಒಂದು ಮಾತು ಗಟ್ಟಿ. ನಿಧಾನವಾಗಿ ನಡೆಯುವ ಕೆಲಸ ಅಷ್ಟು ದುಬಾರಿಯಲ್ಲ, ಶುರುವಾಗಿ ನಿಂತ ಕೆಲಸ ದುಬಾರಿ. ಕೆಲಸ ನಿಲ್ಲುವ ಕಾರಣ ಬಹುತೇಕ ಸಲ ಗುದ್ದಲಿಪೂಜೆಗೆ ಮೊದಲೇ ಹುಟ್ಟಿರುತ್ತದೆ. ಈ ಒಂದು ಮಾತನ್ನು ನಮ್ಮ ಸುತ್ತಲಿನ ಉದಾಹರಣೆಗಳಿಂದಲೇ ಹೇಳುತ್ತೇನೆ.

ಮಕ್ಕಳೇ, ನೀವು ಹಂಪಿಯ ರಾಜಾಂಗಣದಲ್ಲಿರುವ ಮೆಟ್ಟಿಲುಗಳ ಪುಷ್ಕರಣಿ ನೋಡಿದ್ದೀರಿ. 1980ರ ದಶಕದ ಉತ್ಖನನದಲ್ಲಿ ಅದು ಮಣ್ಣಿನಡಿಯಿಂದ ಹೊರಬಂತು. ಮುಂದಿನ ಸಲ ಹೋದಾಗ ಫೋಟೋ ತೆಗೆಯುವುದಕ್ಕೆ ಮುಂಚೆ ಅದರ ಕಪ್ಪು ಕಲ್ಲುಗಳನ್ನು ಹತ್ತಿರದಿಂದ ನೋಡಿ. ಕಲ್ಲುಗಳ ಮೇಲೆ ಸಣ್ಣ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಯಾವ ಸ್ಥಾನ ಎಂದು ತಿಳಿಸುವ ಗುರುತುಗಳು. ಅಂದರೆ ಕಲ್ಲು ಜಾಗಕ್ಕೆ ಬರುವ ಮೊದಲೇ ಅದು ಎಲ್ಲಿ ಕೂರಬೇಕೆಂಬುದು ನಿರ್ಧಾರವಾಗಿತ್ತು. ಬೇರೆ ಕಡೆ ಕೆತ್ತಿ, ತಂದು, ಜೋಡಿಸಿದ್ದಾರೆ. ಇಲ್ಲಿಗೆ ತಂದಮೇಲೆ “ಇದು ಎಲ್ಲಿಗಪ್ಪಾ?” ಎಂದು ಯಾರೂ ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ನಮ್ಮ ಇಂಜಿನಿಯರಿಂಗ್ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ಹೆಸರಿನಿಂದ ಹೇಳುವ ಯೋಜನೆ ಎಂಬುದು ಇಷ್ಟೇ. ಕಷ್ಟಪಟ್ಟು ಯೋಚಿಸುವುದೆಲ್ಲ ಮೊದಲು, ಕಲ್ಲು ಎತ್ತುವುದು ಆಮೇಲೆ.

ಈಗ ನಮ್ಮ ಟಿ.ಬಿ. ಡ್ಯಾಮ್. 1945ರ ಫೆಬ್ರವರಿ 28ರಂದು ಅದಕ್ಕೆ ಎರಡು ಅಡಿಗಲ್ಲು ಬಿದ್ದವು. ಎಡದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದ ಬೇರಾರ್ ಯುವರಾಜರು, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್. ಆದರೆ ಅಡಿಗಲ್ಲು ಬಿದ್ದ ಮೇಲೆ 1949ರ ಜನವರಿಯವರೆಗೆ ಕೆಲಸ ಹೇಳಿಕೊಳ್ಳುವಂತೆ ಮುಂದೆ ಹೋಗಲಿಲ್ಲ. ಒಂದು ಕಾರಣ, ಆ ಕಾಲದ ರಾಜಕೀಯ ಬದಲಾವಣೆಗಳು. ಇನ್ನೊಂದು, ಹೈದರಾಬಾದಿನ ಇಂಜಿನಿಯರುಗಳಿಗೂ ಮದ್ರಾಸಿನ ಇಂಜಿನಿಯರುಗಳಿಗೂ ವಿನ್ಯಾಸ ಮತ್ತು ಸಾಮಗ್ರಿಯ ವಿಚಾರದಲ್ಲಿ ಹೊಂದಾಣಿಕೆಯಾಗದಿದ್ದದ್ದು. ಕೊನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ತಜ್ಞರ ಮಂಡಳಿ ಆ ವಿವಾದ ಬಗೆಹರಿಸಿತು. ಆಮೇಲೆ ನೋಡಿ, 1953ರ ಜುಲೈ 1ಕ್ಕೆ ನಾಲೆಗೆ ನೀರು ಬಿಟ್ಟರು. ಅಂದರೆ ಅಡಿಗಲ್ಲಿನಿಂದ ಕೆಲಸ ಹಿಡಿಯುವವರೆಗೆ ಹತ್ತಿರಹತ್ತಿರ ನಾಲ್ಕು ವರ್ಷ, ಕೆಲಸ ಹಿಡಿದ ಮೇಲೆ ಅಷ್ಟು ದೊಡ್ಡ ಅಣೆಕಟ್ಟಿಗೆ ನಾಲ್ಕೂವರೆ ವರ್ಷ. ಅದೂ ಈಗಿನ ಯಂತ್ರಗಳಿಲ್ಲದ ಕಾಲದಲ್ಲಿ, ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ, ಸಾವಿರಾರು ಕೂಲಿಕಾರರ ಕೈಯಿಂದ. ಅದಕ್ಕಾಗಿ ಸುಮಾರು 90 ಹಳ್ಳಿಗಳ 54 ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು ಎಂಬುದನ್ನೂ ಮರೆಯಬಾರದು. ನಾರಾಯಣದೇವರಕೆರೆ ನೀರಿನಡಿ ಹೋಗಿ ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದರು. ಆ ಲೆಕ್ಕ ಯಾವ ಅಂದಾಜು ಪಟ್ಟಿಯಲ್ಲೂ ಪೂರ್ತಿ ಬರುವುದಿಲ್ಲ.

ಅಣೆಕಟ್ಟಿನ ಪಾಠ ಏನು? ಜಗಳ ಆಡುವುದಿದ್ದರೆ ಕಾಗದದ ಮೇಲೆ ಆಡಿ ಮುಗಿಸಬೇಕು. ಅಲ್ಲಿ ಅಳಿಸಿ ಬರೆಯಲು ಹೆಚ್ಚು ಖರ್ಚಿಲ್ಲ. ಕಾಂಕ್ರೀಟಿನ ಮೇಲೆ ಆಡಿದರೆ ಒಡೆದು ಕಟ್ಟಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ತಳವಾರಘಟ್ಟದ ಸೇತುವೆ. ಆನೆಗೊಂದಿಯ ಜನ ಹರಿಗೋಲಿನಲ್ಲಿ ಹೊಳೆ ದಾಟುವುದು ತಪ್ಪಲೆಂದು ಅದನ್ನು 1990ರ ದಶಕದಲ್ಲಿ ಕಟ್ಟತೊಡಗಿದರು. ಉದ್ದೇಶ ಒಳ್ಳೆಯದೇ, ಜನರ ಬೇಡಿಕೆ ನ್ಯಾಯವೇ. ಆದರೆ ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಸ್ಮಾರಕಗಳ ನಡುವೆ ಅಂಥ ಸೇತುವೆ ಬರಬಹುದೇ ಎಂಬ ಪ್ರಶ್ನೆ ಮೊದಲೇ ತೀರ್ಮಾನವಾಗಬೇಕಿತ್ತು. ಅದು ಎದ್ದದ್ದು ಕೆಲಸ ಮೇಲೆ ಬಂದ ನಂತರ. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಸೇತುವೆಯ ಕೆಲಸ ಮತ್ತೆ ನಡೆಯುತ್ತಿದ್ದಾಗ 2009ರ ಜನವರಿ 22ರಂದು ಅದು ಕುಸಿದು ಬಿತ್ತು, ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬಿದ್ದ ಕಾರಣದ ವಿಚಾರಣೆ ಇಲ್ಲಿ ಬೇಡ. ಆದರೆ ಆ ಹಳ್ಳಿಗಳ ಜನ ಎಷ್ಟು ವರ್ಷ ಅರ್ಧ ಸೇತುವೆ ನೋಡುತ್ತಾ ಹರಿಗೋಲಿನಲ್ಲೇ ದಾಟಿದರು ಯೋಚಿಸಿ. ಕೊನೆಗೆ ಹೊಳೆಯ ಕೆಳಗಡೆ ಬುಕ್ಕಸಾಗರ–ಕಡೇಬಾಗಿಲು ನಡುವೆ ಬೇರೆ ಸೇತುವೆ ಬಂತು. ಜಾಗದ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ ಎಂಬ ಕೊರಗು ನಮ್ಮ ವೃತ್ತಿಯವರಿಗೆ ಇಂದಿಗೂ ಇದೆ.

ಇವು ದೊಡ್ಡ ಕೆಲಸಗಳು. ನಮ್ಮ ಆರು ಕೊಠಡಿ ಚಿಕ್ಕದು. ಆದರೆ ರೋಗ ಒಂದೇ. ಒಂದು ಸರ್ಕಾರಿ ಕೊಠಡಿ ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳುತ್ತೇನೆ. ಮೊದಲು ಕ್ರಿಯಾಯೋಜನೆಯಲ್ಲಿ ಅದರ ಹೆಸರು ಬರಬೇಕು. ಇಂಜಿನಿಯರು ಜಾಗ ನೋಡಿ ನಕ್ಷೆ, ಅಂದಾಜು ಪಟ್ಟಿ ಮಾಡಬೇಕು. ದರವನ್ನು ಇಲಾಖೆಯ ದರಪಟ್ಟಿಯಿಂದ, ಅಂದರೆ ಎಸ್‌ಆರ್‌ನಿಂದ ಹಿಡಿಯಬೇಕು. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಆಗಬೇಕು. ಆಮೇಲೆ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರು. ಒಪ್ಪಂದ, ಕಾರ್ಯಾದೇಶ, ಮಾರ್ಕೌಟ್. ಅಲ್ಲಿಂದ ಪಾಯ, ಗೋಡೆ, ಚಾವಣಿ. ಆದ ಕೆಲಸವನ್ನೆಲ್ಲ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಮಾಡಬೇಕು. ಈ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಿ ಸಡಿಲವಾಗುತ್ತದೆ? ನಾನು ಕಂಡಂತೆ ಐದು ಕಡೆ.

ಮೊದಲನೆಯದು ಜಾಗ. ಐವತ್ತು ವರ್ಷದಿಂದ ಶಾಲೆ ನಡೆಯುತ್ತಿದೆ, ಜಾಗ ಶಾಲೆಯದೇ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಪಹಣಿ ತೆಗೆದರೆ ದಾನ ಕೊಟ್ಟವರ ಅಜ್ಜನ ಹೆಸರಿರುತ್ತದೆ. ಪಾಯ ತೋಡುವ ದಿನ ಮೊಮ್ಮಕ್ಕಳು ತಡೆಯಾಜ್ಞೆ ತರುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ ಆ ಕಡೆ, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿ ಒಂದು ಕಾಲಕ್ಕೆ ಹೊಸಪೇಟೆ ತಾಲ್ಲೂಕಿನದೇ. ಹಾಗಾಗಿ ಹಳೆಯ ಕಾಗದ ಯಾವ ಕಚೇರಿಯಲ್ಲಿದೆ ಎಂದು ಹುಡುಕುವುದೇ ಕೆಲವೊಮ್ಮೆ ಒಂದು ಕೆಲಸ.

ಎರಡನೆಯದು ಮಣ್ಣು. ಕಂಪ್ಲಿ ಕಡೆ ನಾಲೆ ನೀರಿನ ಎರೆಭೂಮಿ, ಹಂಪಿ–ಕಮಲಾಪುರದ ಕಡೆ ಬಂಡೆ, ಸಂಡೂರಿನಲ್ಲಿ ಗುಡ್ಡದ ಇಳಿಜಾರಿನ ಕೆಂಪು ಮಣ್ಣು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇಷ್ಟು ಬೇರೆ ಬೇರೆ ನೆಲಕ್ಕೆ ಒಂದೇ ಮಾದರಿ ನಕ್ಷೆ ಇಟ್ಟು ಅಂದಾಜು ಮಾಡಿದರೆ ಪಾಯ ತೋಡಿದಾಗ ನೆಲ ಬೇರೆಯೇ ಮಾತಾಡುತ್ತದೆ. ಆಗ ಪರಿಷ್ಕೃತ ಅಂದಾಜು, ಮತ್ತೆ ಮಂಜೂರಾತಿ. ಅಷ್ಟರಲ್ಲಿ ಮಳೆ ಬಂದು ತೋಡಿದ ಗುಂಡಿ ಕೆರೆಯಾಗಿರುತ್ತದೆ. ಅಂದಾಜಿಗೆ ಮುಂಚೆ ಎರಡು ಮೂರು ಕಡೆ ಗುಂಡಿ ತೋಡಿ ನೋಡಿದರೆ ಆಗುವ ಖರ್ಚು ಒಂದೆರಡು ದಿನದ ಕೂಲಿ.

ಮೂರನೆಯದು ಅನುಮತಿ. ಹಂಪಿಯ ಸುತ್ತಲಿನ ಊರುಗಳಿಗೆ ಇದು ಬಹಳ ಮುಖ್ಯ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳಿವೆ. ಶಾಲೆಯ ಕೊಠಡಿ ತಾನೇ, ಯಾರು ಕೇಳುತ್ತಾರೆ ಅನ್ನಬಾರದು. ಟೆಂಡರಿಗೆ ಮುಂಚೆ ಕೇಳಿದರೆ ಅದು ಬರೀ ಅರ್ಜಿ, ಚಾವಣಿ ಹಾಕಿದ ಮೇಲೆ ಕೇಳಿದರೆ ಅದು ಮೊಕದ್ದಮೆ.

ನಾಲ್ಕನೆಯದು ಋತುಮಾನ. ನಾಟಿ, ಕೊಯ್ಲಿನ ದಿನಗಳಲ್ಲಿ ಕಂಪ್ಲಿ ಕಡೆ ಕೂಲಿಗೆ ಆಳು ಸಿಗುವುದಿಲ್ಲ. ಮಳೆಗಾಲದಲ್ಲಿ ಹೊಳೆಗೆ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್. ಶಾಲೆಯ ಹಳೆಯ ಚಾವಣಿ ಕೆಡವುವುದಾದರೆ ಬೇಸಿಗೆ ರಜೆಯೇ ಕಾಲ. ಆದರೆ ನಮ್ಮ ಕಡತಗಳು ಋತುಮಾನ ನೋಡುವುದಿಲ್ಲ, ಮಾರ್ಚ್ 31 ನೋಡುತ್ತವೆ. ಅನುದಾನ ವಾಪಸ್ ಹೋದೀತೆಂಬ ಅವಸರದಲ್ಲಿ ಫೆಬ್ರವರಿಯಲ್ಲಿ ಕಾರ್ಯಾದೇಶ, ಜೂನ್‌ನಲ್ಲಿ ಮಳೆ.

ಐದನೆಯದು ಹಣ ಹಂಚುವ ರೀತಿ. ಎಲ್ಲಕ್ಕಿಂತ ದೊಡ್ಡ ಕಾಯಿಲೆ ಇದು. ನಾಲ್ಕು ಕೆಲಸಕ್ಕೆ ಸಾಕಾಗುವ ಹಣವನ್ನು ಹತ್ತು ಕೆಲಸಕ್ಕೆ ಹಂಚುತ್ತೇವೆ. ಯಾರಿಗೂ ಇಲ್ಲ ಅನ್ನಬಾರದಲ್ಲ! ಹತ್ತು ಕಡೆ ಪಾಯ ಬೀಳುತ್ತದೆ, ಒಂದು ಕಡೆಯೂ ಚಾವಣಿ ಏಳುವುದಿಲ್ಲ. ಬಿಲ್ಲು ಬಾರದ ಗುತ್ತಿಗೆದಾರ ತನ್ನ ಗೌಂಡಿಗಳನ್ನು ಬೇರೆ ಕೆಲಸಕ್ಕೆ ಕರೆದೊಯ್ಯುತ್ತಾನೆ. ಅವನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಉಸುಕು, ಕಡಿ, ಸಿಮೆಂಟಿನ ಅಂಗಡಿಯವರು ಅವನಿಗೆ ಎಷ್ಟು ದಿನ ಉದ್ರಿ ಕೊಟ್ಟಾರು?

ನಮ್ಮ ಭಾಗದಲ್ಲಿ ಹಣವೇ ಇಲ್ಲವೆಂದು ಹೇಳುವ ಹಾಗಿಲ್ಲ. 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನವಿದೆ. 2015ರ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ, ಅದರಲ್ಲಿ ಶಿಕ್ಷಣವೂ ಆದ್ಯತೆಯ ಬಾಬ್ತು. ಸಂಡೂರಿನಂಥ ಗಣಿಬಾಧಿತ ಊರುಗಳಿಗೆಂದು ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2014ರಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮವಾಯಿತು. ಸಾವಿರಾರು ಕೋಟಿ ರೂಪಾಯಿ ಕೂಡಿಬಿತ್ತು. ಯೋಜನೆಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿ, 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸುವ ಹೊತ್ತಿಗೆ ಎಂಟು ವರ್ಷ ಕಳೆದಿತ್ತು. ಹಣ ಬ್ಯಾಂಕಿನಲ್ಲಿ ಬಡ್ಡಿ ದುಡಿಯಬಹುದು. ಆದರೆ ಆ ಎಂಟು ವರ್ಷದಲ್ಲಿ ಒಂದನೆಯ ತರಗತಿಯ ಮಗು ಒಂಬತ್ತಕ್ಕೆ ಬಂದಿರುತ್ತದೆ. ಆ ಮಗುವಿನ ವರ್ಷಗಳಿಗೆ ಯಾವ ಬ್ಯಾಂಕೂ ಬಡ್ಡಿ ಕೊಡುವುದಿಲ್ಲ.

ಈಗ ಒಂದು ಲೆಕ್ಕ. ಹತ್ತನೆಯ ತರಗತಿಯವರು ಬರೆದುಕೊಳ್ಳಿ. ಕೊಠಡಿಗೆ 15 ಲಕ್ಷ, ದರ ಏರಿಕೆ ವರ್ಷಕ್ಕೆ ಶೇಕಡ 6 ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿ ಅಷ್ಟೇ. ಆರು ಕೊಠಡಿಗೆ 90 ಲಕ್ಷ ಬೇಕು. ನಮ್ಮ ಕೈಯಲ್ಲಿರುವುದು 45 ಲಕ್ಷ, ಉಳಿದದ್ದು ಬರಲು ಎರಡು ವರ್ಷ. ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕಿದರೆ ಉಳಿದ 45 ಲಕ್ಷದ ಕೆಲಸಕ್ಕೆ ಎರಡು ವರ್ಷದ ನಂತರ 50 ಲಕ್ಷ 56 ಸಾವಿರ ಬೇಕು. ಆರನ್ನೂ ಹಿಡಿದು ಅರ್ಧಕ್ಕೆ ನಿಲ್ಲಿಸಿದರೂ ಇಷ್ಟೇ, ಮೂರನ್ನು ಪೂರ್ತಿ ಮುಗಿಸಿ ಇನ್ನು ಮೂರನ್ನು ಆಮೇಲೆ ಹಿಡಿದರೂ ಇಷ್ಟೇ. ಹಾಗಾದರೆ ವ್ಯತ್ಯಾಸವೇನು? ಮೊದಲನೆಯ ದಾರಿಯಲ್ಲಿ ಎರಡು ವರ್ಷ ಒಂದು ಕೊಠಡಿಯೂ ಇಲ್ಲ. ಮೇಲೆ ಚಾಚಿದ ಕಂಬಿ ತುಕ್ಕು ಹಿಡಿಯುತ್ತದೆ, ಗೋಡೆಯಲ್ಲಿ ಗಿಡ ಬೆಳೆಯುತ್ತದೆ, ಸೆಂಟ್ರಿಂಗ್ ಸಾಮಾನು ಮತ್ತೆ ತರಬೇಕು, ಹೊಸ ಗುತ್ತಿಗೆದಾರ ಹಳೆಯ ಕೆಲಸದ ಹೊಣೆ ಹೊರುವುದಿಲ್ಲ. ಎರಡನೆಯ ದಾರಿಯಲ್ಲಿ ಮೂರು ಕೊಠಡಿಗಳಲ್ಲಿ ಪಾಠ ನಡೆಯುತ್ತಿರುತ್ತದೆ.

ಕಾದಷ್ಟೂ ನಮ್ಮ ಕೈಯಲ್ಲಿಲ್ಲದ ಸಂಗತಿಗಳೂ ಬರುತ್ತವೆ. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 18ಕ್ಕೆ ಏರಿತು. 90 ಲಕ್ಷದ ಕೆಲಸಕ್ಕೆ ತೆರಿಗೆಯೇ 5 ಲಕ್ಷ 40 ಸಾವಿರ ಹೆಚ್ಚು. ಅದೇ ಇಟ್ಟಿಗೆ, ಅದೇ ಗೌಂಡಿ, ಅದೇ ನಕ್ಷೆ. ಹಾಗಾಗಿ ಖರ್ಚು ಏರಿದ ಕೂಡಲೇ ಯಾರೋ ತಿಂದರು ಎಂದು ತೀರ್ಮಾನಿಸಬೇಡಿ. ತಿನ್ನುವವರಿಲ್ಲ ಎಂದು ನಾನು ಹೇಳುತ್ತಿಲ್ಲ, ಇದ್ದಾರೆ. ಅವರನ್ನು ಹಿಡಿಯುವುದಕ್ಕೂ ಮೊದಲು ಏರಿಕೆಯ ಕಾರಣ ಬಿಡಿಸಿ ನೋಡಲು ಬರಬೇಕು. ಎಷ್ಟು ದರದಿಂದ, ಎಷ್ಟು ತೆರಿಗೆಯಿಂದ, ಎಷ್ಟು ಹೆಚ್ಚುವರಿ ಕೆಲಸದಿಂದ ಎಂದು ಬಿಡಿಸಿ ಕೇಳಿದಾಗ ಸುಳ್ಳು ಹೇಳುವುದು ಕಷ್ಟ.

ಅವಸರವೂ ಔಷಧಿಯಲ್ಲ. ಸಿಮೆಂಟಿಗೆ ನಮ್ಮ ಸಮಾರಂಭದ ದಿನಾಂಕ ಗೊತ್ತಿಲ್ಲ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಉಣಿಸಲೇಬೇಕು, ಈಗ ಹೆಚ್ಚು ಬಳಕೆಯಲ್ಲಿರುವ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ತರಗತಿ ಕೊಠಡಿಯ ತೊಲೆಗಳ ಅಡಿಯ ಆಸರೆಗಳನ್ನು ಎರಡು ವಾರಕ್ಕೆ ಮುಂಚೆ ತೆಗೆಯಬಾರದು, 6 ಮೀಟರಿಗಿಂತ ಉದ್ದದ ತೊಲೆಯಾದರೆ ಮೂರು ವಾರ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆಂದು ಈ ದಿನ ಕಡಿಮೆ ಮಾಡಬಾರದು. ಇದು ತಡ ಅಲ್ಲ, ಇದು ಕೆಲಸವೇ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯ, ಹರಿಯುತ್ತಿದ್ದ ನೀರು. ಆದರೂ ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಹೇಳಿದ ವಿಧಾನಕ್ಕೆ ಎಲ್ಲರೂ ಕೈಗೂಡಿಸಿದರು. ಹೊಸಪೇಟೆಯ, ತೋರಣಗಲ್ಲಿನ ಕಾರ್ಖಾನೆಗಳಲ್ಲೇ ಅದರ ತುಂಡುಗಳು ತಯಾರಾದವು. ಜವಾಬ್ದಾರಿ ಯಾರದೆಂಬುದು ಸ್ಪಷ್ಟವಿತ್ತು, ಮಾಡಬೇಕಾದದ್ದು ಏನೆಂಬುದು ಸ್ಪಷ್ಟವಿತ್ತು, ಹಣ ಮತ್ತು ಸಾಮಗ್ರಿ ಕಾಯಿಸಲಿಲ್ಲ. ಈ ಮೂರು ಇದ್ದರೆ ಸರ್ಕಾರಿ ಕೆಲಸವೂ ಓಡುತ್ತದೆ. ಆದರೆ ಅದೇ ಘಟನೆ ಇನ್ನೊಂದನ್ನೂ ಹೇಳುತ್ತದೆ. ಎಪ್ಪತ್ತು ವರ್ಷದ ಗೇಟಿನ ಆರೈಕೆಗೆ ಹಣ ಕೇಳಿದರೆ ಯಾರಿಗೂ ಅವಸರವಿರುವುದಿಲ್ಲ, ಮುರಿದ ದಿನ ಎಲ್ಲರಿಗೂ ಅವಸರ. ನಮ್ಮ ಈಗಿನ ಹಳೆಯ ಕೊಠಡಿಗಳ ಸೋರುವ ಚಾವಣಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ, ನಮ್ಮ ಸುವರ್ಣ ಮಹೋತ್ಸವ ಕಟ್ಟಡಕ್ಕೆ ನನ್ನ ಸೂಚನೆಗಳು. ಸಮಿತಿಯವರು ದಯವಿಟ್ಟು ನಡಾವಳಿಯಲ್ಲಿ ಬರೆದುಕೊಳ್ಳಿ.

ಈ ತಿಂಗಳೇ ಪಹಣಿ, ಹದ್ದುಬಸ್ತಿನ ನಕ್ಷೆ ತೆಗೆಸಿ. ಜಾಗ ಶಾಲೆಯ ಹೆಸರಿನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿ. ಅಂದಾಜಿಗೆ ಮುಂಚೆ ಪಾಯದ ಗುಂಡಿ ತೋಡಿ ಮಣ್ಣು ನೋಡಿ. ಮುಂದೆ ಮಹಡಿ ಬೇಕೇ ಬೇಡವೇ ಈಗಲೇ ತೀರ್ಮಾನಿಸಿ, ಯಾಕೆಂದರೆ ಮಹಡಿಯ ಭಾರ ಹೊರುವ ಪಾಯವನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ. ಶೌಚಾಲಯ, ನೀರು, ವಿದ್ಯುತ್ತು, ಗಾಲಿಕುರ್ಚಿಯ ಇಳಿಜಾರು ಇವನ್ನೆಲ್ಲ ಮೊದಲ ಅಂದಾಜಿನಲ್ಲೇ ಸೇರಿಸಿ. ಆಮೇಲೆ ನೆನಪಾದದ್ದೆಲ್ಲ ಹೆಚ್ಚುವರಿ ಕೆಲಸವಾಗುತ್ತದೆ. ಆರರ ಬದಲು ಮೊದಲು ಮೂರು ಕೊಠಡಿ ಹಿಡಿಯಿರಿ, ಬೀಗದ ಕೈ ಕೈಗೆ ಬರುವವರೆಗೆ ನಾಲ್ಕನೆಯದರ ಮಾತು ಬೇಡ. ಟೆಂಡರು ಡಿಸೆಂಬರಿನೊಳಗೆ ಮುಗಿದರೆ ಬೇಸಿಗೆಯಲ್ಲಿ ಚಾವಣಿ ಬೀಳುತ್ತದೆ. ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯಬೇಕಾದ ದಿನಾಂಕ ಬರೆದ ಫಲಕ ಗೇಟಿನ ಬಳಿ ಇರಲಿ. ತಿಂಗಳಿಗೊಮ್ಮೆ ಎಸ್‌ಡಿಎಂಸಿ, ಇಂಜಿನಿಯರು, ಗುತ್ತಿಗೆದಾರ ಕೆಲಸದ ಜಾಗದಲ್ಲೇ ಸೇರಿ ಆದದ್ದು, ಆಗದ್ದು, ಯಾರಿಂದ ಆಗಬೇಕಾದದ್ದು ಎಂದು ಮೂರು ಸಾಲು ಬರೆಯಲಿ. ಅಳತೆ ಪುಸ್ತಕದ ನಕಲು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಆದರೆ ಪ್ರತಿ ತಿಂಗಳು ಎದುರಿಗೆ ಕೂತು ಮಾತಾಡುವವರಿಗೆ ಅರ್ಜಿಯ ಅಗತ್ಯ ಬೀಳುವುದು ಕಡಿಮೆ.

ಮಕ್ಕಳೇ, ನಿಮಗೂ ಒಂದು ಕೆಲಸ ಕೊಡುತ್ತೇನೆ. ಫಲಕದಲ್ಲಿ ಬರೆದ ದಿನಾಂಕ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ದಿನ ಬಂದಾಗ ಕಟ್ಟಡ ಮುಗಿದಿರದಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಒಂದು ಪತ್ರ ಬರೆಯಿರಿ. ಅದರಲ್ಲಿ ಸಿಟ್ಟು ಬೇಡ, ಆರೋಪ ಬೇಡ. “ಕೆಲಸ ಯಾವ ಹಂತದಲ್ಲಿ ನಿಂತಿದೆ, ಯಾಕೆ ನಿಂತಿದೆ, ಎಂದು ಮತ್ತೆ ಶುರುವಾಗುತ್ತದೆ?” ಇಷ್ಟು ಕೇಳಿ. ಯಾರೂ ಕೇಳದೇ ಇದ್ದಾಗ ಕೆಲಸಗಳು ನಿಲ್ಲುತ್ತವೆ. ಕೇಳುವವರು ಇದ್ದಾರೆಂದು ಗೊತ್ತಾದರೆ ನನ್ನಂಥ ಇಂಜಿನಿಯರುಗಳೂ ಸ್ವಲ್ಪ ಬೇಗ ಸ್ಕೂಟರ್ ಹತ್ತುತ್ತಾರೆ.